ಸೂಜಿಯಿಲ್ಲದ ಪರೀಕ್ಷೆ

“ನೀನು ಸೂಜಿ ಇಲ್ಲ ಅಂದಿದ್ದೆ!”

ಸವರಿಮುತ್ತು ಧಡಕ್ಕನೆ ಎದ್ದ ರಭಸಕ್ಕೆ ಕಣ್ಣಿನ ಕ್ಯಾಮೆರಾ ಮೇಜಿನ ಸಮೇತ ಅಲುಗಾಡಿತು. ತೂತುಕುಡಿಯ ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಕಣ್ಣಿನ ತಪಾಸಣೆಗೆ ಸಾಲು ನಿಂತವರೆಲ್ಲ ಇತ್ತ ತಿರುಗಿದರು. ಅವನ ಬೈಗುಳಕ್ಕೆ ಗುರಿಯಾದ ಹೆಂಡತಿ ಜೆಸಿಂತಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಬೋಟಿನ ಹಗ್ಗ ತರಚಿ ಅವನ ಕಾಲಿನ ಹೆಬ್ಬೆರಳಿಗಾದ ಗಾಯ ತಿಂಗಳು ದಾಟಿ ಈಸ್ಟರ್ ಕಳೆದರೂ ಒಣಗಿರಲಿಲ್ಲ. ಅವನ ಅಣ್ಣನಿಗೂ ಹೀಗೇ ಶುರುವಾಗಿ, ಕಡೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ಕತ್ತರಿಸಬೇಕಾಗಿ ಬಂದಿತ್ತು. ಆದರೂ ರಕ್ತ ಪರೀಕ್ಷೆ ಎಂದರೆ ಸಾಕು, ಈತ ಸಮುದ್ರಕ್ಕೆ ಓಡುತ್ತಿದ್ದ. ಕಣ್ಣಿನ ಚಿತ್ರ ತೆಗೆದೇ ಸಕ್ಕರೆ ಕಾಯಿಲೆಯ ಸುಳಿವು ಹಿಡಿಯುತ್ತಾರಂತೆ, ಚುಚ್ಚುವುದಿಲ್ಲವಂತೆ ಎಂದು ಪಾದ್ರಿ ಹೇಳಿದ ಮೇಲೆ ಅವಳು ಬೈದು, ಅತ್ತು, ಒಲೆ ಹಚ್ಚದೆ ಕೂತು ಅವನನ್ನು ಎಳೆದು ತಂದಿದ್ದಳು.

ರಕ್ತ ಪರೀಕ್ಷೆ ಆಗಬೇಕೆಂದು ಆಗಷ್ಟೇ ಹೇಳಿದ್ದ, ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಪೊನ್ಮಣಿ ಮೆಲ್ಲಗೆ ಬಿಡಿಸಿ ಹೇಳಿದಳು: “ಅಣ್ಣಾ, ಕಣ್ಣೊಳಗೆ ಅಲ್ಲಲ್ಲಿ ರಕ್ತ ಸೋರಿದೆ. ಸಕ್ಕರೆ ಇರೋ ಹಾಗೇ ಕಾಣ್ತದೆ. ಎಷ್ಟಿದೆ ಅಂತ ರಕ್ತ ನೋಡಿದ್ರೇನೇ ಗೊತ್ತಾಗೋದು. ಸರ್ಕಾರಿ ಆಸ್ಪತ್ರೆ ಇಲ್ಲೇ ಅಲ್ವಾ, ಇವತ್ತೇ ಹೋಗಿ.”

“ಮತ್ತೆ ಈ ಯಂತ್ರ ಯಾಕೆ? ಫೋಟೋ ತೆಗೆದು ಗೋಡೆಗೆ ಹಾಕೋಕಾ?”

“ಗಾಳ ಅಂಗೈಗೆ ಹೊಕ್ಕಾಗ ಚಾಕುವಿಂದ ಬಗೆದು ತೆಗೆದೋರು ನೀವು,” ಜೆಸಿಂತಾ ಹಲ್ಲು ಕಚ್ಚಿದಳು. “ಒಂದು ಸೂಜಿಗೆ ಹೀಗಾಡ್ತೀರಲ್ಲ, ನಾಚಿಕೆ ಆಗಲ್ವಾ?”

“ಅದು ನಾನೇ ತೆಗೆದದ್ದು. ಅಣ್ಣಂಗೂ ಆಸ್ಪತ್ರೇಲಿ ಮೊದಲು ಬೆರಳಿಗೆ ಸೂಜಿ ತಾನೆ ಚುಚ್ಚಿದ್ದು? ಅಷ್ಟಕ್ಕೇ ಬಿಟ್ರಾ?”

ಅವನು ಬಾಗಿಲತ್ತ ನಡೆದೇಬಿಟ್ಟ.

“ಅಣ್ಣಾ, ಕಣ್ಣಿಗೆ ಪಾಪೆ ಹಿಗ್ಗೋ ಹನಿ ಹಾಕಿದೀವಿ, ಬೆಳಕು ಕುಕ್ಕುತ್ತೆ, ಈಗಲೇ ಬಿಸಿಲಿಗೆ ಹೋಗ್ಬೇಡಿ!” ಪೊನ್ಮಣಿ ಕೂಗಿದಳು.

ಹೊರಗೆ ಕಾಲಿಟ್ಟವನೇ ಸವರಿಮುತ್ತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತ. ಆಟೋ ಒಂದು ಹಾರನ್ ಹೊಡೆಯುತ್ತ ಅವನ ಪಕ್ಕದಲ್ಲೇ ಹಾದುಹೋಯಿತು.

“ಜೆಸಿ, ಏನೂ ಕಾಣ್ತಿಲ್ಲ ಕಣೇ.”

“ನಿಂತಿರಿ ಹಾಗೇ. ಸಂಜೆವರೆಗೂ ನಿಂತಿರಿ,” ಬಾಗಿಲಿಗೆ ಬಂದಿದ್ದ ಜೆಸಿಂತಾ ಎಂದಳು. ಆಮೇಲೆ ಹೋಗಿ ಅವನ ಮಣಿಕಟ್ಟನ್ನು ಒರಟಾಗಿ ಹಿಡಿದುಕೊಂಡಳು.

“ಮನೆಗೆ ತಾನೆ?” ಅವನು ಕೇಳಿದ.

ಅವಳು ಅವನನ್ನು ಎಳೆದುಕೊಂಡು ನಡೆದಳು. ರಸ್ತೆ ಕವಲೊಡೆಯುವಲ್ಲಿ ಅವರ ಕೇರಿಯ ಒಣಮೀನಿನ ವಾಸನೆ ಎಡಗಡೆಯಿಂದ ಬಂತು. ಅವಳು ಆಸ್ಪತ್ರೆಯ ಕಡೆಗೆ, ಬಲಕ್ಕೆ ತಿರುಗಿದಳು. ಅವನ ಹೆಜ್ಜೆ ನಿಂತಿತು. ಅವಳು ಹಿಡಿತ ಸಡಿಲಿಸಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಹಿಂದೆ ಅವನ ಚಪ್ಪಲಿ ಎಳೆಯುವ ಸದ್ದು ಮತ್ತೆ ಕೇಳಿಸತೊಡಗಿತು.