ಬಾಗಿಲು ತೆರೆಯದ ಮನೆಗಳು

ಸಮೀಕ್ಷೆ ಕಿವಿಯ ಬಗ್ಗೆ. ವಾರ್ಡಿನಲ್ಲಿ ಎಷ್ಟು ಮಂದಿಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಮನೆಮನೆಗೆ ಹೋಗಿ ವಿಚಾರಿಸಬೇಕು. ನೂರಕ್ಕೆ ಹತ್ತಕ್ಕಿಂತ ಕಡಿಮೆ ಬಂದರೆ ಅಲ್ಲಿನ ಸರ್ಕಾರಿ ಕಿವಿ ಚಿಕಿತ್ಸಾಲಯಕ್ಕೆ ಬೀಗ. ಈ ಕೆಲಸ ಬಂದದ್ದು ಸೊಸೆಯ ಪಾಲಿಗೆ. ಅವಳನ್ನು ಸೊಸೆ ಎಂದೇ ಕರೆಯೋಣ, ಏಕೆಂದರೆ ನಂಬಿದರೆ ನಂಬಿ, ಅವಳ ಜೀವವೆಲ್ಲ ಅತ್ತೆಯ ಮೇಲಿತ್ತು. ಅತ್ತೆಗೆ ಎರಡು ವರ್ಷದಿಂದ ಕಿವಿ ಮಂದ. ಅದೇ ಚಿಕಿತ್ಸಾಲಯದಲ್ಲಿ ಕಿವಿಯ ಮಷೀನಿಗೆ ಹೆಸರು ಬರೆಸಿ, ಸರತಿಯಲ್ಲಿ ನಾಲ್ಕನೆಯವರಾಗಿ ಕಾಯುತ್ತಿದ್ದರು.

ಯಾವ ಯಾವ ಮನೆಗೆ ಹೋಗಬೇಕೆಂದು ಕಂಪ್ಯೂಟರೇ ಚೀಟಿ ಎತ್ತಿ ಆರಿಸಿತ್ತು. ಆ ಆಯ್ಕೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಮೇಲಧಿಕಾರಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಿಯಮವೂ ಅಚ್ಚುಕಟ್ಟು: ಮೂರು ಸಲ ಬೆಲ್ ಒತ್ತಬೇಕು, ಯಾರೂ ಬರದಿದ್ದರೆ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆದು ಪಕ್ಕದ ಮನೆಗೆ ಹೋಗಬೇಕು. ಸೊಸೆ ಚಾಚೂ ತಪ್ಪದೆ ಹಾಗೇ ಮಾಡಿದಳು. ಬಾಗಿಲು ತೆಗೆದವರಲ್ಲಿ ಹೆಚ್ಚಿನವರು ಸೊಗಸಾಗಿ ಕೇಳಿಸುತ್ತದೆ ಎಂದರು. ನೂರಕ್ಕೆ ಮೂರು ಬಂತು.

ಕೊನೆಯ ದಿನ ಬೀಗದ ಕೈ ಮರೆತು ಹೋಗಿದ್ದವಳು, ಸಂಜೆ ತನ್ನ ಮನೆಯದೇ ಬೆಲ್ ಒತ್ತಿದಳು. ಒಂದು ಸಲ, ಎರಡು ಸಲ, ಮೂರು ಸಲ. ಕಿಟಕಿಯಲ್ಲಿ ಇಣುಕಿದರೆ ಅತ್ತೆ ಬೆನ್ನು ಹಾಕಿ ಕೂತು ಆರಾಮಾಗಿ ಬಟ್ಟೆ ಮಡಚುತ್ತಿದ್ದಾರೆ! ಸೊಸೆ ಅಲ್ಲೇ ನಿಂತು ಚೀಲದಿಂದ ಸಮೀಕ್ಷೆಯ ಪಟ್ಟಿ ತೆಗೆದು ನೋಡಿದಳು. ಬಾಗಿಲು ತೆರೆಯದ ಮೂವತ್ತೊಂದು ಮನೆಗಳಲ್ಲಿ ಎಷ್ಟು ಮಂದಿ ನಿಜಕ್ಕೂ ಹೊರಗೆ ಹೋಗಿದ್ದರೋ, ಎಷ್ಟು ಮಂದಿ ಹೀಗೇ ಕೂತಿದ್ದರೋ! ಕಿವಿ ಕೇಳದವರನ್ನು ಹುಡುಕಲು ತಾನು ಬೆಲ್ ಒತ್ತುತ್ತಾ ಹೋಗಿದ್ದಳು.

ಮರುದಿನ ಬೆಳಿಗ್ಗೆಯೇ ಅಧಿಕಾರಿಯ ಮೇಜಿನ ಮುಂದೆ ನಿಂತಳು.

“ಬೆಲ್ ಕೇಳಿಸದವರೇ ಬಿಟ್ಟುಹೋಗಿದ್ದಾರೆ ಸಾರ್.”

“ಅವರ ಬದಲಿಗೆ ಪಕ್ಕದ ಮನೆಯವರನ್ನ ತಗೊಂಡಿದ್ದೀವಲ್ಲಮ್ಮಾ. ಸಂಖ್ಯೆ ಭರ್ತಿಯಾಗಿದೆ.”

“ಪಕ್ಕದ ಮನೆಯವರಿಗೆ ಬೆಲ್ ಕೇಳಿಸ್ತು, ಅದಕ್ಕೇ ತೆಗೆದ್ರು! ಬೇಕಿದ್ರೆ ನಮ್ಮನೆಗೆ ಬನ್ನಿ, ನೀವೇ ಒತ್ತಿ ನೋಡಿ.”

ಅಧಿಕಾರಿ ಒಲ್ಲದ ಮನಸ್ಸಿನಿಂದ ಫಾರಂ ಹಿಡಿದು ಬಂದರು. ಬೆರಳು ಬೆಲ್ಲಿಗೆ ತಾಗಿತೋ ಇಲ್ಲವೋ, ಬಾಗಿಲು ತೆರೆಯಿತು. ಸೊಸೆ ಯಾರೋ ಸಾಹೇಬರ ಜೊತೆ ಬರುತ್ತಿರುವುದನ್ನು ಅತ್ತೆ ಕಿಟಕಿಯಿಂದಲೇ ನೋಡಿ, ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದರು.

“ನಿಮ್ಮ ಹೆಸರೇನಮ್ಮಾ?”

“ಎಪ್ಪತ್ತೆರಡು.”

“ನೋಡಿ, ಕೇಳೋಕೆ ಮೊದಲೇ ವಯಸ್ಸು ಹೇಳಿಬಿಟ್ರು. ಎಷ್ಟು ಚುರುಕು!” ಅಧಿಕಾರಿ ಬರೆದುಕೊಂಡು, ತಮ್ಮ ಕಿವಿ ಮುಟ್ಟಿ ತೋರಿಸಿದರು. “ಚೆನ್ನಾಗಿ ಕೇಳಿಸುತ್ತಾ?”

ಇದು ಅತ್ತೆಗೆ ಅರ್ಥವಾಯಿತು. ಸೊಸೆಯ ಆಫೀಸಿನವರ ಎದುರು ಕಿವುಡಿ ಎನ್ನಿಸಿಕೊಳ್ಳುವುದೇ? ಛೆ!

“ಸೂಜಿ ಬಿದ್ದರೂ ಕೇಳಿಸುತ್ತೆ!”

“ಅಯ್ಯೋ ಅತ್ತೆ, ನಿಜ ಹೇಳಿ!”

“ನೀವು ಮಧ್ಯೆ ಬಾಯಿ ಹಾಕಬಾರದಮ್ಮಾ. ಉತ್ತರ ಅವರದೇ ಆಗಿರಬೇಕು, ನಿಯಮ.” ಅಧಿಕಾರಿ ಗುರುತು ಹಾಕಿ ಪೆನ್ನು ಜೇಬಿಗಿಟ್ಟರು. “ಚಿಕಿತ್ಸಾಲಯ ಮುಚ್ಚೋ ಫೈಲು ಇವತ್ತೇ ಕಳಿಸ್ತೀನಿ.”

ಅವರು ಹೋದ ಮೇಲೆ ಅತ್ತೆ ಬಾಗಿಲು ಹಾಕಿ, ಗೆದ್ದವರ ಹಾಗೆ ಸೊಸೆಯ ಭುಜ ತಟ್ಟಿದರು. “ನಿನ್ನ ಮರ್ಯಾದೆ ಉಳಿಸಿದೆ ಕಣೇ. ಅದಿರಲಿ, ನನ್ನ ಮಷೀನು ಯಾವಾಗ ಕೊಡ್ತಾರಂತೆ?”

ಸೊಸೆಗೆ ಸಿಟ್ಟೂ ಬಂತು, ಅಳುವೂ ಬಂತು.

“ಇನ್ನು ಕೊಡಲ್ಲ ಅತ್ತೆ,” ಎಂದಳು ಮೆಲ್ಲಗೆ.

ಅತ್ತೆ ನಗುತ್ತಾ ತಲೆಯಾಡಿಸಿದರು. “ಆಗಲಿ ಬಿಡು, ಅಷ್ಟು ಬೇಗ ಬಂದ್ರೆ ಸಾಕು.”