ಗೂಬಕ್ಕನ ದೀಪ

ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಅವಳದು ಕತ್ತಲೆಕೋಣೆಯ ಕೆಲಸ. ಕಾವಿಗಿಟ್ಟ ಮೊಟ್ಟೆಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿಯಬೇಕು. ಒಳಗೆ ಕೆಂಪು ನೂಲಿನಂಥ ನರಗಳು ಹರಡಿದ್ದರೆ ಟ್ರೇಗೆ, ಬರಿದಾಗಿದ್ದರೆ ಬುಟ್ಟಿಗೆ. ಕತ್ತಲಲ್ಲಿ ಕಣ್ಣರಳಿಸಿ ಕೂರುವವಳಿಗೆ ಜೊತೆಯವರು ಗೂಬಕ್ಕ ಎಂದು ಹೆಸರಿಟ್ಟಿದ್ದರು. ಅವಳೂ ಓಗೊಡುತ್ತಿದ್ದಳು.

ಬಸುರಿಯಾಗಿ ಹೊಟ್ಟೆ ಕಾಣಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ತಮಾಷೆಗೆಂದು ಆ ದೀಪವನ್ನು ಹೊಟ್ಟೆಗೇ ಹಿಡಿದಳು. ಮಗು ಒದೆಯಿತು. ಮರುದಿನವೂ ಒದೆಯಿತು. ಆಮೇಲೆ ಸ್ವಿಚ್ಚು ಒತ್ತಿದರೆ ಸಾಕು, ಒದೆ. ನನಗಿಂತ ಮೊದಲೇ ಕೆಲಸಕ್ಕೆ ಹಾಜರಾಗುತ್ತದೆ ಎಂದು ಗಂಡನೆದುರು ನಕ್ಕಳು.

ಸ್ಕ್ಯಾನಿಂಗ್ ಕೋಣೆಯೂ ಕತ್ತಲೆಯೇ. ಡಾಕ್ಟರಮ್ಮ ಮಾತು ನಿಲ್ಲಿಸಿ ಪರದೆಯನ್ನೇ ನೋಡತೊಡಗಿದರು. ಬರಿದಾದ ಮೊಟ್ಟೆ ಕಂಡಾಗ ಅವಳೂ ಹೀಗೆಯೇ ಮಾತು ನಿಲ್ಲಿಸುತ್ತಿದ್ದಳು. ತಲೆಬುರುಡೆ ಕೂಡಿಲ್ಲ, ಮಿದುಳು ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದರು. ಬಸಿರು ಮುಂದುವರಿಸುವುದೋ ನಿಲ್ಲಿಸುವುದೋ, ತೀರ್ಮಾನ ನಿನ್ನದು ಎಂದರು.

"ದೀಪ ಹಾಕಿದ್ರೆ ಒದೆಯುತ್ತೆ ಡಾಕ್ಟ್ರೇ. ಏನೂ ತಿಳೀದೇ ಹೇಗೆ ಒದೆಯುತ್ತೆ?"

"ಮನೇಲಿ ಯಾರೂ ಇಲ್ದಿದ್ರೂ ಗಾಳಿಗೆ ಬಾಗಿಲು ಬಡ್ಕೊಳ್ಳುತ್ತಲ್ಲಮ್ಮ, ಹಾಗೆ."

ಅನುಮಾನದ ಮೊಟ್ಟೆಯನ್ನು ಇನ್ನೊಬ್ಬರು ನೋಡದೆ ಬುಟ್ಟಿಗೆ ಹಾಕುವಂತಿಲ್ಲ ಎಂಬುದು ಹ್ಯಾಚರಿಯ ಕಟ್ಟಳೆ. ಅವಳು ಇನ್ನೊಂದು ಆಸ್ಪತ್ರೆಗೆ ಹೋದಳು. ಅಲ್ಲಿಯೂ ಅದೇ ಮಾತು. ಗಂಡ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತ. ಅತ್ತೆ ಮಾತ್ರ, ಹೊರುವವಳು ನೀನು, ನೀನು ಹೇಳಿದ್ದೇ ಸರಿ, ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು ಎಂದರು. ಅವಳು ನಿಲ್ಲಿಸುವುದೆಂದು ತೀರ್ಮಾನಿಸಿದಳು.

ಮೈ ಸುಧಾರಿಸಿದ ಮೇಲೆ ಕೆಲಸಕ್ಕೆ ಬಂದು ದೀಪ ಹಾಕಿದಳು.

ಒದೆಯಿತು.

ಬರಿದಾದ ಹೊಟ್ಟೆಯಲ್ಲಿ, ಹೊಕ್ಕುಳಿನ ಎಡಕ್ಕೆ, ಅದೇ ಜಾಗದಲ್ಲಿ. ದೀಪ ಆರಿಸಿದಳು; ನಿಂತಿತು. ಹಾಕಿದಳು, ಮತ್ತೆ ಒದೆ. ಆರಿಸಿ, ಕತ್ತಲಲ್ಲೇ ಕೂತಳು.

ಟ್ರೇ ತೊಳೆಯುವ ಅಜ್ಜಿ ಒದ್ದೆ ಟ್ರೇಗಳನ್ನು ಹೊತ್ತು ಬಂದವಳು, ಗೂಬೆಗೂ ಕತ್ತಲು ಹೆಚ್ಚಾಯಿತೇ ಎಂದು ಚುಡಾಯಿಸಿದಳು. ಟ್ರೇ ಇಳಿಸಿ ಪಕ್ಕದಲ್ಲಿ ಕೂತಳು. ಆಗ ಗೂಬಕ್ಕ ಎಲ್ಲವನ್ನೂ ಹೇಳಿದಳು.

"ಒಳಗೆ ಯಾರೂ ಇಲ್ಲ ಅಂದಿದ್ರು ಅಜ್ಜಿ. ಮತ್ತೆ ಬಾಗಿಲು ಬಡೀತಿರೋದು ಯಾರು? ನಾನು ತಪ್ಪು ಮಾಡಿದ್ನಾ?"

ಟ್ರೇಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಂದೂ ಅಂಥದ್ದೇ ಕಣೆ," ಎಂದಳು ಅಜ್ಜಿ. "ಆಗ ಈ ಸ್ಕ್ಯಾನಿಂಗ್ ಮಿಷನ್ನು ಎಲ್ಲಿತ್ತು? ಹೆತ್ತೆ. ಸಂಜೆವರೆಗೂ ಮಡಿಲಲ್ಲಿತ್ತು."

ಕತ್ತಲಲ್ಲೇ ಗೂಬಕ್ಕನ ಕೈ ಹುಡುಕಿ ಹಿಡಿದು, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಹಾಕು ದೀಪ."

ಗೂಬಕ್ಕ ಇನ್ನೊಂದು ಕೈಯಿಂದ ಸ್ವಿಚ್ಚು ಒತ್ತಿದಳು. ಜೋತುಬಿದ್ದ ಆ ಮುದಿ ತೊಗಲಿನಡಿಯಿಂದ ಅವಳ ಅಂಗೈಗೆ ಪುಟ್ಟದೊಂದು ಒದೆ ಬಿತ್ತು. ಅದೇ ಕ್ಷಣ ತನ್ನ ಹೊಟ್ಟೆಯಲ್ಲೂ.

"ಹೆತ್ತ ನನ್ನನ್ನೂ ಈ ಒದೆ ಬಿಟ್ಟಿಲ್ಲ, ನೋಡಿದ್ಯಾ," ಎಂದು ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. "ಮೊಟ್ಟೆ ತಣ್ಣಗಾಗ್ತವೆ. ಕೆಲಸ ನೋಡು."