ಮರಡಿಪೇಟೆಗೆ ಕಡಿಮೆ ಬಿದ್ದ ಮೂವತ್ತೇಳು ಜನ

ಖಾನೇಷುಮಾರಿಗೆ, ಅಂದರೆ ಊರಿನ ಜನರನ್ನು ಎಣಿಸುವುದಕ್ಕೆ, ನಾನು ಮನೆಮನೆಯ ಬಾಗಿಲ ಪಕ್ಕ ಜಾಜಿನ ಕೆಂಪು ಮಣ್ಣಿನಿಂದ ನಂಬರು ಬರೆದು ಬರುತ್ತೇನೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಅದರ ಮೇಲೆ ಸಗಣಿ ಬಳಿದಿರುತ್ತದೆ. ಕೇಳಿದರೆ ಯಾರಿಗೂ ಏನೂ ಗೊತ್ತಿಲ್ಲ. ದನ ಬಂದು ಮೈ ಉಜ್ಜಿತು ಅಂದಳು ಒಬ್ಬ ಮಹಾತಾಯಿ. ನಂಬರು ಹುಡುಕಿಕೊಂಡು ಹೋಗಿ ಉಜ್ಜುವಷ್ಟು ಬುದ್ಧಿ ಆ ದನಕ್ಕಿದ್ದರೆ ಅದನ್ನೇ ಶಾಲೆಗೆ ಸೇರಿಸಿಕೊಳ್ಳುತ್ತೇನೆ, ಕಳಿಸಿಕೊಡಿ.

ನಾನು ಈ ಊರಿನ ಶಾಲೆಯ ಮೇಷ್ಟ್ರು, ಚಂದ್ರಶೇಖರಪ್ಪ. ನನಗೆ ಸಿಟ್ಟು ಬಂದಿದೆ. ಯಾಕೆ ಅಂತ ಬರೆದಿದ್ದೇನೆ. ಓದು ಬಂದವರು ಬಾರದವರಿಗೆ ಓದಿ ಹೇಳಿ.

ನಮ್ಮ ಮರಡಿಪೇಟೆ ಎಷ್ಟು ದೊಡ್ಡದು? ಮೂಡಲಿಗೆ ಭದ್ರಾ ಹೊಳೆ, ಪಡುವಲಿಗೆ ಮರಡಿ ಗುಡ್ಡ. ನಡುವೆ ಪೇಟೆ ಬೀದಿ, ಕೋಟೆ ಬೀದಿ, ಹೊಳೆಯ ದಡದಲ್ಲಿ ಬೆಸ್ತರ ಕೇರಿ, ಹಳ್ಳದ ಆಚೆ ಕೂಲಿಯವರ ಕೇರಿ. ಭದ್ರಾವತಿಗೆ ಒಂಬತ್ತು ಮೈಲಿ, ಶಿವಮೊಗ್ಗಕ್ಕೆ ಹನ್ನೆರಡು. ಶಿವಮೊಗ್ಗದ ದಾರಿಯಲ್ಲೇ ಆ ಹಳ್ಳ ಇದೆ. ಮಳೆಗಾಲದಲ್ಲಿ ಅದು ತುಂಬಿದರೆ ಎರಡು ಮೂರು ದಿನ ಗಾಡಿ ದಾಟುವುದಿಲ್ಲ. ಇದೆಲ್ಲ ನಿಮಗೆ ಗೊತ್ತು. ಆದರೆ ಊರಿನಲ್ಲಿ ಎಷ್ಟು ಜನ ಇದ್ದೀರಿ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ನೀವು ಯಾರೂ ನಿಜ ಹೇಳುವುದಿಲ್ಲ.

ಹಿಂದಿನ ಖಾನೇಷುಮಾರಿಯಲ್ಲಿ, ಹತ್ತು ವರ್ಷದ ಹಿಂದೆ 1921ನೇ ಇಸವಿಯಲ್ಲಿ, ನಮ್ಮ ಊರಿನ ಲೆಕ್ಕ ಸಾವಿರದ ಒಂಬೈನೂರ ಅರವತ್ತಮೂರು ಜನ ಅಂತ ಆಯಿತು. ಆಮೇಲೆ ನಾವೇ ಅರ್ಜಿ ಕೊಟ್ಟೆವು: ನಮ್ಮೂರಿಗೆ ಹೆರಿಗೆ ಮಾಡಿಸುವ ಒಬ್ಬ ನರ್ಸಮ್ಮನನ್ನು ಕೊಡಿ ಅಂತ. ಕಚೇರಿಯಿಂದ ಉತ್ತರ ಬಂತು. ಎರಡು ಸಾವಿರ ಜನ ಇಲ್ಲದ ಊರಿಗೆ ಕೊಡುವುದಕ್ಕಾಗುವುದಿಲ್ಲ. ಮೂವತ್ತೇಳು ಜನ ಕಡಿಮೆ ಬಿದ್ದರು. ಮೂವತ್ತೇಳು! ಹಳ್ಳದಾಚೆಯ ಕೇರಿಯಲ್ಲಿ ಒಂದು ಸಾಲು ಗುಡಿಸಲನ್ನೇ ಊರಿನ ದೊಡ್ಡವರು ಬಿಡಿಸಿದ್ದರು, ಅವರೇನು ಊರಿನವರಾ ಅಂತ. ನಿಮ್ಮ ಗದ್ದೆಯಲ್ಲಿ ನಾಟಿ ಮಾಡುವಾಗ ಅವರು ಊರಿನವರು, ಎಣಿಸುವಾಗ ಅಲ್ಲ. ಎಲ್ಲರೂ ಸೇರಿ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡೆವು.

ಈಗ ಮೊನ್ನೆ ಭಾನುವಾರದ ಮಾತು ಕೇಳಿ. ಕೋಟೆ ಬೀದಿಯ ಉಜ್ಜನಪ್ಪನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಉಜ್ಜನಪ್ಪ ಕೂತಿದ್ದ. ಅವನ ಪಕ್ಕ ಅಳಿಯ ಓಂಕಾರಪ್ಪ. ಅವನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ರಜಾದಿನ ಅಂತ ಹೆಂಡತಿಯನ್ನು ನೋಡಲು ಬಂದಿದ್ದ. ಅವನ ಹೆಂಡತಿ ವಸಂತಮ್ಮ ತುಂಬಿದ ಗರ್ಭಿಣಿ, ಚೊಚ್ಚಲು. ಕಂಬಕ್ಕೆ ಒರಗಿ ಕೂತು ಬೇಳೆ ಆರಿಸುತ್ತಿದ್ದಳು. ಒಳಗೆ ಯಾರೋ ಅಕ್ಕಿ ಕುಟ್ಟುತ್ತಿದ್ದರು.

"ಮನೇಲಿ ಎಷ್ಟು ಜನ, ಉಜ್ಜನಪ್ಪ?"

"ನಾಲ್ಕು ಜನ ಬರ್ಕೊಳ್ಳಿ ಮೇಷ್ಟ್ರೇ. ನಾನು, ನಮ್ಮನೆಯೋಳು, ಇಬ್ಬರು ಗಂಡು ಹುಡುಗ್ರು."

"ಇಲ್ಲಿ ಬೇಳೆ ಆರಿಸ್ತಾ ಇರೋದು ಯಾರು ಮಾರಾಯ? ಪಕ್ಕದ ಮನೆಯೋರಾ?"

"ಅವಳು ಬಾಣಂತನಕ್ಕೆ ಬಂದಿದ್ದಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ. ಅವಳ ಲೆಕ್ಕ ಎಲ್ಲ ಭದ್ರಾವತೀಲಿ."

ಓಂಕಾರಪ್ಪ ಮೆಲ್ಲಗೆ ಹೇಳಿದ: "ಅಲ್ಲೂ ಬರೆಸಿಲ್ಲ ಮಾವ. ನಮ್ಮ ಕಾರ್ಖಾನೆ ಲೈನ್ ಮನೆಗೆ ಎಣಿಸೋರು ಮೊನ್ನೇನೇ ಬಂದಿದ್ರು. ಸೊಸೆ ತವರಿಗೆ ಹೋಗಿದ್ದಾಳೆ, ಅಲ್ಲೇ ಬರ್ಕೊಳ್ಳಲಿ ಅಂತ ಅಮ್ಮ ಹೇಳಿ ಕಳಿಸಿಬಿಟ್ರು."

"ನೋಡಪ್ಪ! ಅಲ್ಲಿಯೋರು ಇಲ್ಲಿ ಅಂತಾರೆ, ಇಲ್ಲಿಯೋರು ಅಲ್ಲಿ ಅಂತಾರೆ. ಎರಡು ಜೀವ ಎದುರಿಗೆ ಕೂತಿದೆ, ಯಾವ ಕಾಗದದಲ್ಲೂ ಇಲ್ಲ. ಎಣಿಸೋ ದಿನ ಯಾರು ಎಲ್ಲಿರ್ತಾರೋ ಅಲ್ಲೇ ಬರೆಸ್ಬೇಕು, ತಿಳೀತಾ?"

ಉಜ್ಜನಪ್ಪ ಬಗ್ಗಲಿಲ್ಲ. "ಬಸುರಿ ಹೆಂಗಸನ್ನ ಲೆಕ್ಕ ಹಾಕಿದ್ರೆ ದೃಷ್ಟಿ ಆಗ್ತದೆ. ಮೇಲೆ, ಎಷ್ಟು ತಲೆ ಬರೆಸ್ತೀವೋ ಅಷ್ಟು ಕಂದಾಯ ಹಾಕ್ತಾರಂತೆ. ಶಿವಮೊಗ್ಗದ ಮಂಡೀಲಿ ಎಲ್ರೂ ಮಾತಾಡ್ತಿದ್ರು."

"ಹತ್ತು ವರ್ಷದ ಹಿಂದೇನೂ ಇದನ್ನೇ ಹೇಳಿದ್ರಿ. ಯಾವ ತಲೆಗೆ ಕಂದಾಯ ಬಂತು? ಒಂದು ತಲೆ ತೋರ್ಸಿ."

"ಬರಲಿಲ್ಲ. ಆದ್ರೂ ನಮಗ್ಯಾಕೆ ಊರ ಉಸಾಬರಿ? ನಾಲ್ಕೇ ಬರ್ಕೊಳ್ಳಿ."

ಒಳಗೆ ಒನಕೆಯ ಸದ್ದು ನಿಂತಿತು. ಉಜ್ಜನಪ್ಪನ ಅಕ್ಕ ವೀರಮ್ಮ ಹೊರಗೆ ಬಂದಳು. ಗಂಡ ಸತ್ತ ಮೇಲೆ ಹದಿನೈದು ವರ್ಷದಿಂದ ಈ ಮನೆಯ ಒಲೆ, ಕೊಟ್ಟಿಗೆ ಎರಡೂ ಅವಳ ಕೈಯಲ್ಲೇ ನಡೆದಿವೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ತಮ್ಮನ ಎದುರು ನಿಂತಳು.

"ಉಜ್ಜನೀ, ನಾಲ್ಕು ಜನಾನಾ? ಹಾಗಾದ್ರೆ ನಿನಗೆ ಅನ್ನ ಬೇಯಿಸಿ ಹಾಕೋ ನಾನು ಯಾರು?"

"ನಿನ್ನ ಗಂಡನ ಮನೆ ಹೊನ್ನಾಳಿ ಕಡೆ ಅಲ್ವೇನಕ್ಕ..."

"ಹೊನ್ನಾಳಿಯೋರು ನನ್ನ ಮುಖ ನೋಡಿ ಹದಿನೈದು ವರ್ಷ ಆಯ್ತು. ನನ್ನ ಕಥೆ ಬಿಡು. ಹೋದ ಸಲ ಇದೇ ಮೇಷ್ಟ್ರು ಇದೇ ಜಗಲೀಲಿ ಕೂತು ಕೇಳಿದ್ರು. ಹೆಣ್ಣು ಹುಡುಗರನ್ನ ಬರೆಸೋದು ಯಾಕೆ, ನಾಳೆ ಇನ್ನೊಬ್ಬರ ಮನೆಗೆ ಹೋಗೋವು ಅಂದೆ ನೀನು. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೀನಿ. ನನ್ನ ಬಿಟ್ಟೆ, ಈ ವಸಂತೀನ ಬಿಟ್ಟೆ, ಗೌರೀನ ಬಿಟ್ಟೆ."

ಗೌರಿ ಅಂದರೆ ಉಜ್ಜನಪ್ಪನ ಹಿರಿಯ ಮಗಳು. ನಾಲ್ಕು ವರ್ಷದ ಹಿಂದೆ, ಆಷಾಢದಲ್ಲಿ, ಚೊಚ್ಚಲ ಹೆರಿಗೆಗೆ ಇದೇ ಮನೆಗೆ ಬಂದಿದ್ದಳು. ಎರಡು ದಿನ ನೋವು ತಿಂದಳು. ಶಿವಮೊಗ್ಗದ ಆಸ್ಪತ್ರೆಗೆ ಅಂತ ಗಾಡಿ ಕಟ್ಟಿದರು, ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲಿ ಅಂತ ದಡದಲ್ಲಿ ಕಾದರು. ಗಾಡಿಯಲ್ಲೇ ತಾಯಿ, ಮಗು ಇಬ್ಬರೂ ಹೋದರು.

"ನರ್ಸಮ್ಮ ಊರಲ್ಲೇ ಇದ್ದಿದ್ರೆ ಆ ಹಳ್ಳ ದಾಟೋ ಕೆಲಸ ಏನಿತ್ತು?" ವೀರಮ್ಮನ ಧ್ವನಿ ಬೀದಿಗೆಲ್ಲ ಕೇಳುತ್ತಿತ್ತು. "ಮೂವತ್ತೇಳು ಜನ ಕಮ್ಮಿ ಬಿದ್ರು ಅಂತ ನರ್ಸಮ್ಮನ್ನ ಕೊಡ್ಲಿಲ್ಲ. ಅದರಲ್ಲಿ ಮೂರು ಜನ ನಮ್ಮನೆಯೋರೇ ಕಣೋ. ಆ ಹುಡುಗಿ ಹೆಸರೂ ಅದರಲ್ಲೇ ಇತ್ತು. ಈಗ ಇವಳನ್ನೂ ಬಿಡ್ತೀಯಾ? ನಾಳೆ ಇವಳ ಹೊಟ್ಟೇಲಿ ಹೆಣ್ಣು ಹುಟ್ಟಿದ್ರೆ ಅದನ್ನೂ ಬಿಡ್ತೀಯಾ?"

ವಸಂತಮ್ಮ ಮೊರದ ಮೇಲೆ ಕೈ ಇಟ್ಟುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

ನಾನು ತಲೆ ತಗ್ಗಿಸಿದೆ. ಹೋದ ಸಲದ ಎಣಿಕೆಯ ಹೊತ್ತಿಗೆ ಗೌರಿ ನನ್ನ ಶಾಲೆಯಲ್ಲೇ ಓದುತ್ತಿದ್ದಳು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಅವಳ ಹೆಸರು ಕೂಗುತ್ತಿದ್ದವನು ನಾನು. ಲೆಕ್ಕಕ್ಕೆ ಅಂತ ಒಂದು ಸಂಜೆ ಅವಳ ಮನೆಗೇ ಬಂದು, ಅವಳಪ್ಪ ಹೇಳಿದಷ್ಟೇ ಬರೆದುಕೊಂಡು ಎದ್ದು ಹೋದೆ. ಉಜ್ಜನಪ್ಪನ ಮಾತಿಗೆ ಎದುರು ಹೇಳುವುದು ಯಾಕೆ ಅಂತ ಸುಮ್ಮನಿದ್ದೆ. ನಿಮ್ಮ ಮೇಲೆ ಇರುವಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ.

ಉಜ್ಜನಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. "ಬರ್ಕೊಳ್ಳಿ ಮೇಷ್ಟ್ರೇ. ಅಕ್ಕ ವೀರಮ್ಮ. ಮಗಳು ವಸಂತಮ್ಮ. ಆರು ಜನ. ಎಣಿಸೋ ದಿನಕ್ಕೆ ಮುಂಚೆ ಕೂಸು ಹುಟ್ಟಿದ್ರೆ?"

"ಹೆಸರಿಡದೆ ಇದ್ರೂ ಬರ್ಕೋತೀನಿ."

"ಹೆಣ್ಣಾದ್ರೂ ಬರ್ಕೊಳ್ಳಿ." ಆಮೇಲೆ ಕೇಳಿದ: "ಸತ್ತೋರನ್ನ ಬರೀತೀರಾ?"

"ಇಲ್ಲ ಉಜ್ಜನಪ್ಪ. ಅದಕ್ಕೆ ಜಾಗ ಇಲ್ಲ."

ಅವನು ತಲೆ ಆಡಿಸಿದ. ನಾನು ಬೀದಿಗೆ ಇಳಿದ ಮೇಲೆ ಹಿಂದೆಯೇ ಬಂದ. "ಇದನ್ನ ಕಾಗದದಲ್ಲಿ ಹಾಕಿ ಹಂಚಿ. ನನ್ನ ಹೆಸರು ಮುಚ್ಚಿಡಬೇಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಬೇರೆಯೋರಿಗಾದ್ರೂ ಮುಂಚೆ ಬರಲಿ." ಅದಕ್ಕೇ ಅವನ ಹೆಸರು ಇಲ್ಲಿದೆ. ವಸಂತಮ್ಮನಿಗೆ ನೋವು ಬಂದರೆ ಶಿವಮೊಗ್ಗಕ್ಕೆ ಗಾಡಿ ಸಿದ್ಧ ಮಾಡಿಟ್ಟಿದ್ದಾರೆ, ಹಳ್ಳದಲ್ಲಿ ಈಗ ನೀರಿಲ್ಲ. ಆದರೆ ಬರುವ ಆಷಾಢದಲ್ಲಿ ಹೆರುವವರು ನಿಮ್ಮ ಮನೆಯಲ್ಲೂ ಇದ್ದಾರು.

ಮರಡಿಪೇಟೆಯ ಅಣ್ಣಂದಿರೇ, ಅಕ್ಕಂದಿರೇ, ಈ ತಿಂಗಳ ಕೊನೆಗೆ, ಎಣಿಸುವ ದಿನ, ನಾನು ಮತ್ತೆ ಬರುತ್ತೇನೆ. ಬಾಗಿಲ ನಂಬರಿನ ಮೇಲೆ ಸಗಣಿ ಬಳಿಯಬೇಡಿ. ಹಾಸಿಗೆ ಹಿಡಿದ ಮುದುಕಿಯನ್ನು ಬರೆಸಿ, ಗಂಡ ಸತ್ತವಳನ್ನು ಬರೆಸಿ, ತವರಿಗೆ ಬಂದವಳನ್ನು ಬರೆಸಿ, ತೊಟ್ಟಿಲಲ್ಲಿ ಇರುವುದನ್ನು ಬರೆಸಿ. ಹಳ್ಳದಾಚೆಯ ಕೇರಿಗೆ ಈ ಸಲ ನಾನು ಮೊದಲು ಹೋಗುತ್ತೇನೆ, ಬೇಡ ಅನ್ನುವವರು ಬಂದು ನನ್ನ ಎದುರಿಗೆ ಹೇಳಿ. ಒಳಗಿರುವ ಹೆಂಗಸರೇ, ನಿಮ್ಮ ಯಜಮಾನರು ಹೇಳುವ ಲೆಕ್ಕವನ್ನು ಬಾಗಿಲ ಹಿಂದೆ ನಿಂತು ಕೇಳಬೇಡಿ. ಹೊರಗೆ ಬಂದು ನಿಮ್ಮ ಹೆಸರು ನೀವೇ ಹೇಳಿ, ಬದುಕಿರುವಾಗಲೇ ಬರೆಸಿಕೊಳ್ಳಿ.